ಮೇಲಿನ ತುಂಡು

ಒಂದು ಸೌಟು ಮುರಿದಿದೆ, ನೆಲದ ಹಲಗೆಗಳ ಕೆಳಗೆ ನೀರು ಗಿರಣಿಚಕ್ರದ ಸೌಟಿನಂಥ ಮರದ ರೆಕ್ಕೆಗಳಿಗೆ ಬಡಿಯುತ್ತ ಬಂದು ಸುತ್ತಿಗೊಮ್ಮೆ ಒಂದು ಏಟು ತಪ್ಪುತ್ತಿದೆ, ಇಷ್ಟು ಜನ ನಿಂತಿದ್ದಾರೆ ಯಾರ ಕಿವಿಗೂ ಬಿದ್ದಂತಿಲ್ಲ, ಮ್ಯೂಸಿಯಂನವರ ಕಿವಿಗಂತೂ ಬಿದ್ದೇ ಇಲ್ಲ, ಒಂದು ಬೀಚ್ ಮರದ ತುಂಡು, ಒಂದು ಮಧ್ಯಾಹ್ನ, ಅಷ್ಟು ಸಾಕು ಹೊಸ ಸೌಟು ಕೆತ್ತಿ ಕೂರಿಸುವುದಕ್ಕೆ, ಯೋಸಿಮ್ ಆಗಿದ್ದರೆ — ಬೇಡ, ಬಾಗಿಲು ದಾಟಿ ಮೂರು ಹೆಜ್ಜೆ ಆಗಿಲ್ಲ, ಆ ಹೆಸರು ಇನ್ನೂ ಬೇಡ, ಸವೇತಾ ಹೆಸರನ್ನು ನುಂಗಿಕೊಂಡಳು, ನಾಲಿಗೆ ತಾನಾಗಿ ಎಡ ದವಡೆಗೆ ಹೋಯಿತು, ಅಲ್ಲಿ ಹಲ್ಲಿಲ್ಲ, ಇಪ್ಪತ್ತೊಂದು ವರ್ಷದಿಂದ ಇಲ್ಲ, ಆದರೂ ನಾಲಿಗೆ ದಿನಕ್ಕೆ ನೂರು ಸಲ ಹೋಗಿ ಆ ಖಾಲಿ ಜಾಗವನ್ನು ನೋಡಿಕೊಂಡು ಬರುತ್ತದೆ, ಬಾಡಿಗೆಗೆ ಬಿಟ್ಟ ಮನೆಯ ಮುಂದೆ ಮಾಲೀಕ ಓಡಾಡುವ ಹಾಗೆ. ಇಲ್ಲಿ ಮೊದಲಿನ ವಾಸನೆಯೂ ಇಲ್ಲ, ಒದ್ದೆ ಚೀಲದ ವಾಸನೆ, ಇಲಿಯ ವಾಸನೆ, ಬಿಸಿ ಹಿಟ್ಟಿನ ವಾಸನೆ, ಎಲ್ಲ ಹೋಗಿ ವಾರ್ನಿಷ್ ವಾಸನೆ ಬಂದಿದೆ, ಗೋಡೆಯ ತುಂಬ ಮುಟ್ಟಬೇಡಿ ಮುಟ್ಟಬೇಡಿ ಎಂಬ ಚೀಟಿ, ಮುಟ್ಟಿ ಮುಟ್ಟಿಯೇ ಇವೆಲ್ಲ ಇಷ್ಟು ನುಣ್ಣಗಾದದ್ದು ಎಂದು ಯಾರಿಗೆ ಹೇಳುವುದು. ಏನೇ ಸವೇತಾ, ಮುಖ ಯಾಕೆ ಹಂಗ್ ಮಾಡ್ಕೊಂಡಿದೀಯ, ಬಸ್ ಹಿಡಿಸ್ಲಿಲ್ವಾ — ಇದು ಲಿಯೋಂತಿನಾ, ರೆಷಿತ್ಸಾದ ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕ್ರೇನ್ ಓಡಿಸಿದವಳು, ಕ್ರೇನಿನ ಮೇಲಿಂದ ಕೆಳಗಿನವರಿಗೆ ಕೇಳುವಂತೆ ಮಾತಾಡಿ ಮಾತಾಡಿ ಪಕ್ಕದಲ್ಲಿದ್ದವರಿಗೂ ಹಾಗೆಯೇ ಮಾತಾಡುತ್ತಾಳೆ, ಏನಿಲ್ಲ ಬಿಡು ಎಂದಳು ಸವೇತಾ, ನಿವೃತ್ತರ ಕೂಟದ ನಲವತ್ತು ಮಂದಿಯಲ್ಲಿ ಯಾರಿಗೂ ಹೇಳಿಲ್ಲ ಅವಳು, ಪ್ರವಾಸದ ಪಟ್ಟಿಯಲ್ಲಿ ರುಸ್ನಿಕ್ ಊರಿನ ನೀರಿನ ಗಿರಣಿ ಎಂದು ಓದಿದ ಕೂಡಲೇ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟವಳು ತಾನು ಎಂಬುದನ್ನೂ, ಈ ಗಿರಣಿಯ ಹೊಸ್ತಿಲನ್ನು ಇಪ್ಪತ್ತೆಂಟು ವರ್ಷ ತುಳಿದಿದ್ದೇನೆ ಎಂಬುದನ್ನೂ. ಹೇಳಿದರೆ ಲಿಯೋಂತಿನಾ ಬಸ್ಸಿನ ಮೈಕಿನಲ್ಲಿ ಹೇಳಿಬಿಡುತ್ತಾಳೆ.

ಮೂರು ರಾತ್ರಿ ನಿದ್ದೆಯಿಲ್ಲ, ಊರಿನವರು ಯಾರಾದರೂ ಗುರುತು ಹಿಡಿದರೆ ಏನೆನ್ನಲಿ ಎಂದು, ತಲೆವಸ್ತ್ರವನ್ನು ಹುಬ್ಬಿನ ತನಕ ಎಳೆದುಕೊಂಡು, ಕಣ್ಣಿನ ಆಪರೇಷನ್ ಆದಾಗ ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡು ಬಸ್ಸಿಳಿದಳು, ಸೇತುವೆಯ ಮೇಲೆ ಇಬ್ಬರು ಮುದುಕರು ಕೂತಿದ್ದರು, ನೋಡಿದರು, ಮತ್ತೆ ಹೊಳೆಯನ್ನು ನೋಡಿದರು, ಅಷ್ಟೇ, ಯಾರೂ ಗುರುತು ಹಿಡಿಯಲಿಲ್ಲ, ಹಿಡಿಯುತ್ತಾರೆಂಬ ಭಯಕ್ಕಿಂತ ಇದು ಹೆಚ್ಚು ನೋಯುತ್ತದೆಂದು ಮೊದಲೇ ಯಾರಾದರೂ ಹೇಳಬಾರದಿತ್ತೆ. ಈಗ ಗೈಡ್ ಮಾತಾಡುತ್ತಿದ್ದಾಳೆ, ಮೂವತ್ತರ ಆಸುಪಾಸಿನ ಹೆಂಗಸು, ಎದೆಯ ಮೇಲೆ ದ್ರಾಗಿನಾ ಎಂದು ಚೀಟಿ, ಆ ಅಗಲ ಹಣೆ ನೋಡಿದರೆ ಕೆಳಕೇರಿಯ ಮನೆಯವಳೇ ಇರಬೇಕು, ಗಂಟಲುಬಾವು ಬಂದು ಕುತ್ತಿಗೆಗೆ ಉಣ್ಣೆ ಸುತ್ತಿಕೊಂಡು ಓಡಾಡುತ್ತಿದ್ದ ಮಗು ಇವಳೇನೋ. ಈ ಗಿರಣಿ ಒಬ್ಬರದಲ್ಲ, ಹನ್ನೆರಡು ಮನೆಯವರದು ಎನ್ನುತ್ತಾಳೆ, ಹನ್ನೆರಡು ಮನೆಗೆ ಹನ್ನೆರಡು ದಿನ, ಸರದಿ ಬಂದವರು ಬಂದು ಬೀಸಿಕೊಂಡು ಬೀಗದ ಕೈ ಮುಂದಿನ ಮನೆಗೆ ಕೊಡಬೇಕು — ನಿಜ, ಬೀಗದ ಕೈಗೆ ಒಂದು ಕುದುರೆಲಾಳ ಕಟ್ಟಿರುತ್ತಿತ್ತು, ಹಿಮದಲ್ಲಿ ಬಿದ್ದರೂ ಸಿಗಲಿ ಎಂದು. ಸವೇತಾಗೆ ಇದೆಲ್ಲ ಮೊದಲ ವರ್ಷ ಆಟದಂತೆ ಕಂಡಿತ್ತು, ಅವಳು ಬಯಲುಸೀಮೆಯವಳು, ಅವಳ ತವರಿನಲ್ಲಿ ಎಂಜಿನ್ ಗಿರಣಿ, ಚೀಲ ಕೊಟ್ಟರೆ ಹಿಟ್ಟು ಬರುತ್ತಿತ್ತು, ಯಾರ ಸರದಿಯೂ ಇಲ್ಲ ಯಾರ ಶಾಸ್ತ್ರವೂ ಇಲ್ಲ, ಇಪ್ಪತ್ತೆರಡನೇ ವಯಸ್ಸಿನಲ್ಲಿ ಈ ಕಣಿವೆಗೆ ಸೊಸೆಯಾಗಿ ಬಂದಾಗ ಹನ್ನೆರಡು ಮನೆಯ ಹೆಂಗಸರು ಅವಳನ್ನು ಮೇಲಿಂದ ಕೆಳಗೆ ನೋಡಿ, ಬಯಲಿನವಳು, ನೀರು ಮೇಲಿಂದ ಕೆಳಗೆ ಹರಿಯುತ್ತೆ ಅನ್ನೋದಾದ್ರೂ ಗೊತ್ತೇನಮ್ಮಾ ಎಂದು ನಕ್ಕಿದ್ದರು. ಗಂಡನ ಮನೆ ಆ ಹನ್ನೆರಡರಲ್ಲಿ ಒಂದಲ್ಲ. ಗಂಡ ಯೋಸಿಮನದು ಕಲ್ಲಿನ ಕೆಲಸ, ಸವೆದ ಬೀಸುಕಲ್ಲಿಗೆ ಉಳಿಯಿಂದ ಗೀರು ತೋಡಿ ಹೊಸ ಕಕ್ಕು ಹೊಡೆಯುವುದು, ವರ್ಷಕ್ಕೆ ಎರಡು ಸಲ, ಹಿಮ ಕರಗಿದ ಮೇಲೆ ಒಮ್ಮೆ, ಹೊಸ ಮೆಕ್ಕೆಜೋಳ ಬರುವ ಮೊದಲು ಒಮ್ಮೆ, ಮೇಲ್ಕಲ್ಲನ್ನು ಮಗುಚಿ ಹಾಕಿಕೊಂಡು ಅದರ ಮೇಲೆಯೇ ಒರಗಿ ಎರಡು ದಿನ ಟಕ್ ಟಕ್ ಟಕ್, ಉಕ್ಕಿನ ಚೂರು ಸಿಡಿದು ಕೈಗೆ ಹೊಕ್ಕು ಅಲ್ಲೇ ಉಳಿದು ಮುಂಗೈಯೆಲ್ಲ ನೀಲಿ ಚುಕ್ಕೆ, ಮದುವೆಯ ದಿನ ಪಾದ್ರಿ ಕೈ ಹಿಡಿಸಿದಾಗ ಅವಳು ಅದನ್ನು ಕಾಯಿಲೆ ಎಂದುಕೊಂಡು ಬೆವತಿದ್ದಳು, ಆಮೇಲೆ ಆಮೇಲೆ ಕತ್ತಲಲ್ಲಿ ಆ ಚುಕ್ಕೆಗಳನ್ನು ಬೆರಳಿನಿಂದ ಎಣಿಸುತ್ತಿದ್ದಳು. ಅಗೋ ಗಾಜಿನ ಪೆಟ್ಟಿಗೆಯಲ್ಲಿ ಅವನ ಉಳಿ, ಸುತ್ತಿಗೆ, ಅದರ ಹಿಂದೆ ಮೇಣದ ಬೊಂಬೆ, ಕಲ್ಲು ಕುಟ್ಟುವವನು ಎಂದು ಬರೆದಿದ್ದಾರೆ, ಮೀಸೆ ಇದೆ, ಟೊಪ್ಪಿ ಇದೆ, ಕೈ ಮಾತ್ರ ಬಿಳಿ, ಒಂದು ಚುಕ್ಕೆಯಿಲ್ಲ, ಗುಮಾಸ್ತನ ಕೈ. ಸವೇತಾ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡಳು.

ಕಲ್ಲು ಕುಟ್ಟಿದ ಮೇಲೆ ಒಂದು ಶಾಸ್ತ್ರ ಇತ್ತು ಎನ್ನುತ್ತಿದ್ದಾಳೆ ದ್ರಾಗಿನಾ, ಬಂತು, ಅದೇ ಬಂತು. ಹೊಸದಾಗಿ ಕಕ್ಕು ಹೊಡೆದ ಕಲ್ಲು ಮೊದಲು ಕಲ್ಲನ್ನೇ ಬೀಸುತ್ತದೆ, ಮೊದಲ ಬಕೀಟಿನ ಹಿಟ್ಟು ಹಂದಿಗೆ, ಎರಡನೆಯ ಬಕೀಟಿನದರಲ್ಲಿ ಕುಟ್ಟಿದವನೇ ಮುದ್ದೆ ಮಾಡಬೇಕು, ಅವನೇ ತಿರುವಬೇಕು, ಹೆಂಗಸರು ಮುಟ್ಟುವಂತಿಲ್ಲ, ಹನ್ನೆರಡು ಮನೆಯವರ ಎದುರಿಗೆ ಅವನೂ ಅವನ ಮನೆಯ ಇನ್ನೊಬ್ಬರೂ ಕೂತು ತಿನ್ನಬೇಕು, ಮೊಸರಿಲ್ಲ ಗಿಣ್ಣಿಲ್ಲ ಈರುಳ್ಳಿಯಿಲ್ಲ, ಬರೀ ಮುದ್ದೆ, ತಿಂದು, ಕಲ್ಲಿಲ್ಲ, ಹಿಟ್ಟು ಶುದ್ಧ ಎನ್ನಬೇಕು, ಒಂದು ಬಾಯಿ ಸಾಕ್ಷಿಯಲ್ಲ, ಎರಡು ಬಾಯಿ ಬೇಕು. ಎರಡನೆಯ ಬಾಯಿ ಮೊದಲು ಅತ್ತೆಯದಿತ್ತು, ನಾಲ್ಕನೇ ವರ್ಷ ಅತ್ತೆ ತೀರಿಕೊಂಡಳು, ಮಕ್ಕಳು ಆಗಲಿಲ್ಲ, ಮನೆಯಲ್ಲಿ ಇದ್ದ ಇನ್ನೊಂದು ಬಾಯಿ ಎಂದರೆ ಸವೇತಾ, ಅಲ್ಲಿಂದ ಇಪ್ಪತ್ತನಾಲ್ಕು ವರ್ಷ, ವರ್ಷಕ್ಕೆ ಎರಡು, ಅಕ್ರೋಟ್ ಮರದ ಕೆಳಗೆ ಎರಡು ಮುಕ್ಕಾಲಿ, ನಡುವೆ ದುಂಡು ಹಲಗೆ, ಯೋಸಿಮ್ ಕಡಾಯಿಯನ್ನು ಹಲಗೆಯ ಮೇಲೆ ಕವುಚಿ ಹಾಕುತ್ತಾನೆ, ಹಳದಿ ಮುದ್ದೆ ಕಡಾಯಿಯ ಆಕಾರದಲ್ಲೇ ಕೂರುತ್ತದೆ, ತಳದಲ್ಲಿ ಹತ್ತಿದ ಗರಿಗರಿ ಕೆಂಪು ಪದರ, ಆ ಗರಿ, ಈಗ ಮೇಲಿದೆ, ಜೇಬಿನಿಂದ ಮುದ್ದೆ ಕೊಯ್ಯುವ ದಾರ ತೆಗೆಯುತ್ತಾನೆ, ನಾವು ಮನೆಯಲ್ಲಿ ಮಾಡುವಂತೆ ಮೇಲಿಂದ ಕೆಳಕ್ಕಲ್ಲ, ಅಡ್ಡಕ್ಕೆ ಎಳೆಯುತ್ತಾನೆ, ಮುದ್ದೆಯ ನಡುಮಟ್ಟದಲ್ಲಿ, ಅದು ಎರಡಾಗುತ್ತದೆ, ಮೇಲಿನ ತುಂಡು ಅವನಿಗೆ, ಕೆಳಗಿನ ತುಂಡು ಹಲಗೆಯ ಮೇಲೆ ಉಳಿಯುತ್ತದೆ, ಹಳದಿ, ದಾರ ಹಾದುಹೋದ ಮೈ ನುಣ್ಣಗೆ, ಆವಿ ಏಳುತ್ತಿದೆ, ಹಲಗೆಯನ್ನು ಅವಳ ಕಡೆ ತಳ್ಳುತ್ತಾನೆ. ಇಪ್ಪತ್ತನಾಲ್ಕು ವರ್ಷವೂ ಗರಿ ಇದ್ದ ಮೇಲಿನ ತುಂಡು ಅವನಿಗೇ. ಗರಿ ಎಂದರೆ ಸವೇತಾಗೆ ಜೀವ, ತವರಿನಲ್ಲಿ ಕಡಾಯಿ ಕೆರೆದ ಗರಿಗೆ ಅಣ್ಣ ತಂಗಿ ಕೂದಲು ಹಿಡಿದು ಹೊಡೆದಾಡುತ್ತಿದ್ದರು. ಅತ್ತೆ ಸಾಯುವ ಮೊದಲು ಕೈ ಹಿಡಿದು ಹೇಳಿದ ಮಾತೂ ಅದೇ, ಮಗಾ, ಅವ್ನು ತಳ್ಳಿದ್ದನ್ನ ತಿನ್ನು, ಮೇಲಿಂದು ಕೇಳ್ಬೇಡ, ಸಾಯುವ ಗಳಿಗೆಯಲ್ಲೂ ಮಗನ ಬಾಯಿರುಚಿಯ ಯೋಚನೆ ನೋಡು ಮುದುಕಿಗೆ ಎಂದು ಸವೇತಾ ಅಂದೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಳು. ಆಮೇಲೆ ಅವನಿಗೆ ಹಲ್ಲು ಉದುರತೊಡಗಿತು, ನಲವತ್ತೈದಕ್ಕೆ ಮುಂದಿನ ನಾಲ್ಕು ಬಿಟ್ಟರೆ ಬಾಯಿ ಖಾಲಿ, ಆದರೂ ಗರಿ ಬಿಡಲಿಲ್ಲ ಮಹಾರಾಯ, ಹಲ್ಲಿದ್ದವರಿಗೆ ಕಡಲೆಯಿಲ್ಲ ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂದು ಅವಳು ಅವನ ಕಿವಿಗೆ ಬೀಳುವಂತೆಯೇ ಹೇಳುತ್ತಿದ್ದಳು, ಅವನು ಪ್ಲಮ್ ಹಣ್ಣಿನ ಸಾರಾಯಿ ರಾಕಿಯಾದಿಂದ ಬಾಯಿ ಮುಕ್ಕಳಿಸಿ ಅಂಗಳದ ಮೂಲೆಗೆ ಹೋಗಿ ಉಗುಳುತ್ತಿದ್ದ, ಅಷ್ಟು ಒಳ್ಳೆಯ ರಾಕಿಯಾ ಉಗುಳುತ್ತಾನಲ್ಲ ಎಂದು ಅದಕ್ಕೂ ಅವಳಿಗೆ ಸಿಟ್ಟು.

ಆ ಕೊನೆಯ ವರ್ಷದ ವಸಂತದಲ್ಲಿ ಕೆಳಗಿನ ತುಂಡಿನಲ್ಲೇ ಒಂದು ಹರಳು ಸಿಕ್ಕಿತು, ಕರ್ ಎಂದಿತು, ಎಡ ದವಡೆಯ ಹಲ್ಲು ಹೋಳಾಯಿತು, ಹನ್ನೆರಡು ಮನೆಯವರು ನೋಡುತ್ತಿದ್ದಾರೆ, ಕಣ್ಣಲ್ಲಿ ನೀರು ಬಂದರೂ ನುಂಗಿ, ಶುದ್ಧ ಎಂದಳು, ಗಂಡನ ಕೆಲಸದ ಮಾನ ಉಳಿಸಿದಳು, ಮನೆಗೆ ಬಂದು ಹೋಳನ್ನು ಮೇಜಿನ ಮೇಲಿಟ್ಟು, ನೋಡು, ನನಗೆ ಕಲ್ಲು ತಿನ್ನಿಸಿ ನೀನು ಗರಿ ತಿಂತೀಯಲ್ಲ ಎಂದಳು, ಅವನು ಆ ಹೋಳನ್ನು ಅಂಗೈಯಲ್ಲಿಟ್ಟುಕೊಂಡು ತುಂಬ ಹೊತ್ತು ನೋಡಿದ, ಅವನ ಮಾತೆಲ್ಲ ಉಳಿಯ ತುದಿಯಲ್ಲಿ ಮುಗಿದುಹೋಗುತ್ತಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ, ಉಣ್ಣುವುದರಲ್ಲೇ ಜಗಳವಾದರೆ ಎಲ್ಲಿಯ ತನಕ ಎಂದು ಗಾದೆ ಮಾಡಿದವರು ಹೇಳಲಿಲ್ಲ. ಬೇಸಿಗೆಯೆಲ್ಲ ಅವಳು ಅದನ್ನೇ ಮೆಲುಕು ಹಾಕಿದಳು, ಶರತ್ಕಾಲದ ಕಲ್ಲು ಕುಟ್ಟುವುದು ಮುಗಿಯಿತು, ಮತ್ತೆ ಅಕ್ರೋಟ್ ಮರ, ಮತ್ತೆ ಎರಡು ಮುಕ್ಕಾಲಿ, ಕಡಾಯಿ ಕವುಚಿದ, ದಾರ ಎಳೆದ, ಕೈ ಮೇಲಿನ ತುಂಡಿಗೆ ಹೋಗುವ ಮೊದಲೇ ಸವೇತಾ, ಈ ಸಲ ಮೇಲಿಂದು ನನಗೆ ಕೊಡು ಎಂದಳು, ಜೋರಾಗಿಯೇ, ಹನ್ನೆರಡು ಮನೆಗೂ ಕೇಳುವಂತೆ. ಯಾರೋ ಹೆಂಗಸು ಕಿಸಕ್ಕೆಂದಳು, ಯೋಸಿಮ್ ತಲೆಯೆತ್ತಿ ಮೊದಲು ಆ ಜನರನ್ನು ನೋಡಿದ, ಆಮೇಲೆ ಅವಳನ್ನು, ಅದು ನಿನಗಲ್ಲ ಎಂದ. ಅಷ್ಟೇ. ಮೇಲಿನ ತುಂಡನ್ನು ಎರಡೂ ಕೈಯಲ್ಲಿ ಎಳೆದುಕೊಂಡು, ಯಾರೋ ಕಿತ್ತುಕೊಳ್ಳುತ್ತಾರೆ ಎಂಬಂತೆ ಗಬಗಬನೆ ತಿಂದ, ಹಲ್ಲಿಲ್ಲದ ಬಾಯಿ, ಗಲ್ಲದ ಮೇಲೆ ಚೂರು, ಅವಳು ಎದ್ದು ನಿಂತಳು, ಕೆಳಗಿನ ತುಂಡು ಹಲಗೆಯ ಮೇಲೆ ಹಾಗೆಯೇ, ಆವಿ ಏಳುತ್ತಿದೆ, ಪಕ್ಕದಲ್ಲಿ ದಾರ, ಅವಳು ಬೆನ್ನು ತಿರುಗಿಸಿ ನಡೆದಳು. ಮೂರು ದಿನ ಗಂಟುಮೂಟೆ ಕಟ್ಟಿದಳು, ಬೇಡ ಎನ್ನಲಿ ಎಂದು ನಿಧಾನವಾಗಿಯೇ ಕಟ್ಟಿದಳು, ಅವನು ಬೇಡ ಎನ್ನಲಿಲ್ಲ, ಟ್ರಂಕನ್ನು ತಾನೇ ಹೊತ್ತು ಬಸ್ಸಿನ ತನಕ ಬಂದ, ತಲುಪಿದ್ ಮೇಲೆ ಹೇಳಿ ಕಳ್ಸು ಎಂದ. ಅವಳು ಹೇಳಿ ಕಳಿಸಲಿಲ್ಲ.

ಕೋಪದಲ್ಲಿ ಕೊಯ್ದ ಮೂಗು, ಮತ್ತೆ ಬರುವುದಿಲ್ಲ ಎಂದು ಗೊತ್ತಿದ್ದೂ ರೆಷಿತ್ಸಾದಲ್ಲಿ ಅವಳು ದಿನಾ ಬೆಳಿಗ್ಗೆ ಕನ್ನಡಿ ನೋಡಿಕೊಂಡಳು. ಬ್ರೆಡ್ ಕಾರ್ಖಾನೆ, ಬಿಳಿ ಟೊಪ್ಪಿ, ನಾಲ್ಕನೇ ಮಹಡಿಯ ಒಂದು ಕೋಣೆ, ಅಲ್ಲಿಯ ಹಿಟ್ಟು ಎಷ್ಟು ನುಣುಪೆಂದರೆ ಬಾಯಲ್ಲಿಟ್ಟದ್ದು ಗೊತ್ತೇ ಆಗುತ್ತಿರಲಿಲ್ಲ, ಹಲ್ಲಿಗೆ ಏನೂ ಸಿಗುವುದಿಲ್ಲ, ಮೊದಮೊದಲು ಹಾಯೆನಿಸಿತು, ಆಮೇಲೆ ಉಂಡಂತೆ ಅನ್ನಿಸದೆ ಮೇಜಿನ ಮುಂದೆ ಸುಮ್ಮನೆ ಕೂತಿರುತ್ತಿದ್ದಳು, ಎದುರಿನ ಕುರ್ಚಿಯ ಮೇಲೆ ಕೈಚೀಲ ಇಟ್ಟುಕೊಂಡು, ಖಾಲಿ ಕಾಣದಿರಲಿ ಎಂದು. ಎರಡು ಚಳಿಗಾಲದ ಹಿಂದೆ ನಾದಿನಿ ಫೋನ್ ಮಾಡಿದಳು, ಯೋಸಿಮ್ ಹೋದ, ನಾಳೆ ಮಣ್ಣು, ಬರ್ತೀಯೇನು, ಹಿಮ ಬಿದ್ದಿದೆ ಬಸ್ಸಿಲ್ಲ ಎಂದಳು ಸವೇತಾ, ಬಸ್ಸಿತ್ತು, ಕಿಟಕಿಯಿಂದ ಕಾಣುತ್ತಿತ್ತು, ದೀಪ ಹಾಕಿಕೊಂಡು ಹೊರಟ ಬಸ್ಸು, ಹೋದರೆ ಶವದ ತಲೆದೆಸೆಯಲ್ಲಿ ಇನ್ನೊಬ್ಬಳು ಅಳುತ್ತಿದ್ದರೆ ತಾನು ಎಲ್ಲಿ ನಿಲ್ಲುವುದು, ಅದೊಂದೇ ಭಯ, ಇವತ್ತಿಗೂ ಅದೊಂದೇ ಪ್ರಶ್ನೆ, ಅದಕ್ಕಾಗಿಯೇ ಹತ್ತು ಲೇ ದುಡ್ಡು ಕೊಟ್ಟು ಟಿಕೆಟ್ ತೆಗೆದು ಸ್ವಂತ ಗಂಡನ ಗಿರಣಿಯನ್ನು ನೋಡಲು ಬಂದಿದ್ದಾಳೆ: ಅವಳು ಹೋದ ಮೇಲೂ ಅವನು ಒಂಬತ್ತು ವರ್ಷ ಕಲ್ಲು ಕುಟ್ಟಿದನಂತೆ, ಒಂದು ಬಾಯಿ ಸಾಕ್ಷಿಯಲ್ಲ, ಹಾಗಾದರೆ ಎದುರಿನ ಮುಕ್ಕಾಲಿಯಲ್ಲಿ ಕೂತ ಎರಡನೆಯ ಬಾಯಿ ಯಾರದು. ನಾದಿನಿಯನ್ನು ಕೇಳಲು ಮಾನ ಬಿಡಲಿಲ್ಲ, ಈಗ ನಾದಿನಿಯೂ ಇಲ್ಲ. ಇರಬೇಕು ಯಾರಾದರೂ, ಕೆಳಕೇರಿಯ ವಿಧವೆ ಒಬ್ಬಳಿದ್ದಳು, ನಗುತ್ತ ಮಾತಾಡುವವಳು, ಅವಳಿಗೆ ಮೇಲಿನ ತುಂಡು ಕೊಟ್ಟನೇನೋ, ಕೊಟ್ಟಿದ್ದರೆ — ಇಪ್ಪತ್ತೊಂದು ವರ್ಷ ಈ 'ಕೊಟ್ಟಿದ್ದರೆ'ಯ ಜೊತೆ ಮಲಗಿ ಎದ್ದಿದ್ದಾಳೆ ಸವೇತಾ. ಸೌಟು ತಪ್ಪುತ್ತದೆ. ಬನ್ನಿ ಎಲ್ಲರೂ ಹೊರಗೆ ಬನ್ನಿ ಎನ್ನುತ್ತಿದ್ದಾಳೆ ದ್ರಾಗಿನಾ, ನಿಮ್ಮ ಅದೃಷ್ಟ ಚೆನ್ನಾಗಿದೆ, ಈಗ ಕಲ್ಲಿನ ಕೆಲಸವೂ ಮ್ಯೂಸಿಯಂ ಬಡಗಿಯದೇ, ನಿನ್ನೆಯಷ್ಟೇ ಕಕ್ಕು ಹೊಡೆದಿದ್ದಾನೆ, ಇವತ್ತು ಮೊದಲ ಮುದ್ದೆ. ಲಿಯೋಂತಿನಾ ಅವಳ ತೋಳು ಹಿಡಿದು ಎಳೆದುಕೊಂಡು ಹೊರಟಳು, ಬಾರೇ, ಊಟ ಅಂತೆ.

ಅಕ್ರೋಟ್ ಮರ ದಪ್ಪವಾಗಿದೆ, ಕಾಯಿ ಉದುರಿ ನೆಲವೆಲ್ಲ ಕಪ್ಪು, ಎರಡು ಮುಕ್ಕಾಲಿ, ದುಂಡು ಹಲಗೆ, ಹಲಗೆ ಅದೇ, ಅಂಚಿನ ಸುಟ್ಟ ಗುರುತು ಅವಳೇ ಮಾಡಿದ್ದು, ಬಡಗಿ ಕಡಾಯಿಯ ಮುಂದೆ ಬಗ್ಗಿ ನಿಧಾನವಾಗಿ ಕೋಲು ಆಡಿಸುತ್ತಿದ್ದಾನೆ, ತಳ ಕೆದಕುತ್ತಿಲ್ಲ, ಅಯ್ಯೋ ತಳ ಕೆದಕಬೇಕಪ್ಪಾ ಹತ್ತಿಕೊಳ್ಳುತ್ತದೆ ಎಂದು ಬಾಯಿಗೆ ಬಂತು ಸವೇತಾಗೆ, ಯೋಸಿಮ್‌ಗೂ ಅದನ್ನೇ ಹೇಳುತ್ತಿದ್ದಳು, ಕಲ್ಲು ತಿರುಗಿಸೋಕೆ ಬರುತ್ತೆ ಮುದ್ದೆ ತಿರುವೋಕೆ ಬರಲ್ಲ ನಿಂಗೆ ಎಂದು, ಆಗ ಲಿಯೋಂತಿನಾ ಅವಳ ಬದಲು ಕೂಗಿಬಿಟ್ಟಳು, ಏನಪ್ಪಾ, ತಳ ಹತ್ತುತ್ತೆ, ಕೆದಕೋ. ದ್ರಾಗಿನಾ ನಕ್ಕಳು. ಇಲ್ಲಮ್ಮ, ಕೆದಕಬಾರ್ದು, ಅದೇ ಇಲ್ಲಿನ ಗುಟ್ಟು. ಹಿಟ್ನ ತೆಳ್ಳಗೆ ಬಿಟ್ಟು ಕುದಿಸಿದ್ರೆ ಕಲ್ಲುಪುಡಿ ತಳಕ್ಕೆ ಇಳಿಯುತ್ತೆ. ಕೆದಕದೆ ಇದ್ರೆ ಅಲ್ಲೇ ಗರಿ ಜೊತೆ ಹತ್ಕೊಳ್ಳುತ್ತೆ. ಕವುಚಿ ಹಾಕಿದಾಗ ತಳ ಮೇಲೆ ಬರುತ್ತೆ, ಅಡ್ಡಕ್ಕೆ ದಾರ ಎಳೆದು ಕಲ್ಲಿರೋ ಮೇಲಿನ ತುಂಡನ್ನ ಕುಟ್ಟಿದವನೇ ತಿಂತಿದ್ದ, ಕೆಳಗಿನ ಶುದ್ಧದ್ದು ಮನೆಯವರಿಗೆ. ಹನ್ನೆರಡು ಮನೆಯವರಿಗೂ ಗೊತ್ತು, ಆದ್ರೆ ಬಾಯಿಬಿಟ್ಟು ಯಾರೂ ಹೇಳೋ ಹಾಗಿಲ್ಲ, ಹೇಳಿದ್ರೆ ಹಿಟ್ಟಲ್ಲಿ ಕಲ್ಲಿದೆ ಅಂತ ಒಪ್ಪಿಕೊಂಡ ಹಾಗೆ, ಕಲ್ಲು ಮತ್ತೆ ಮೊದಲಿಂದ ಕುಟ್ಟಬೇಕು. ಜನ ಓಹೋ ಎನ್ನುತ್ತಿದ್ದಾರೆ, ಲಿಯೋಂತಿನಾ, ಗಂಡಸು ಅಂದ್ರೆ ಹಂಗಿರ್ಬೇಕು ಕಣೇ ಎಂದು ಸವೇತಾಳ ಪಕ್ಕೆಗೆ ತಿವಿಯುತ್ತಿದ್ದಾಳೆ, ಸವೇತಾಗೆ ತಿವಿದದ್ದು ಗೊತ್ತಾಗುತ್ತಿಲ್ಲ, ಕೆದಕಬಾರದು, ತಳಕ್ಕೆ ಇಳಿಯುತ್ತೆ, ಗರಿ ಜೊತೆ — ನಲವತ್ತೈದಕ್ಕೆ ಬಾಯಿ ಖಾಲಿ, ರಾಕಿಯಾ ಮುಕ್ಕಳಿಸಿ ಮೂಲೆಗೆ ಹೋಗಿ ಉಗುಳುತ್ತಿದ್ದ, ಉಗುಳಿದ್ದು ಕೆಂಪಗಿರುತ್ತಿತ್ತು, ಪ್ಲಮ್ಮಿನ ಬಣ್ಣ ಎಂದುಕೊಂಡಿದ್ದಳು, ರಾಕಿಯಾಕ್ಕೆ ಎಲ್ಲಿಯ ಕೆಂಪು ಬಣ್ಣ ಮೂದೇವಿ, ರಾಕಿಯಾ ನೀರಿನ ಬಣ್ಣ, ಮಗಾ ಮೇಲಿಂದು ಕೇಳ್ಬೇಡ, ಅದು ನಿನಗಲ್ಲ, ಮೊದಲು ಜನರನ್ನು ನೋಡಿದ ಆಮೇಲೆ ಅವಳನ್ನು, ಇಪ್ಪತ್ತೆಂಟು ವರ್ಷ ಸಂಸಾರದ ಒಲೆ ಉರಿಸಿದವಳು, ದಿನಾ ಕಡಾಯಿ ಕವುಚಿದವಳು, ಭಾರದ್ದು ತಳಕ್ಕೆ ಹೋಗುತ್ತದೆ ತಳ ಮೇಲಕ್ಕೆ ಬರುತ್ತದೆ ಎಂದು ಒಂದು ದಿನ, ಒಂದೇ ಒಂದು ದಿನ ತಲೆಗೆ ಹೊಳೆಯಬಾರದಿತ್ತೆ. ಮನೆಯಲ್ಲಾದರೂ ಹೇಳಬಹುದಿತ್ತಲ್ಲ ಅವನು. ಈ ಕಣಿವೆಯಲ್ಲಿ ಮಗುವಿಗೂ ಗೊತ್ತಿರುವುದನ್ನು ಹೆಂಡತಿಗೆ ಹೇಳಬೇಕೆಂದು ಅವನಿಗೆ ಹೊಳೆದೇ ಇರಲಿಕ್ಕಿಲ್ಲ, ಗೊತ್ತಿದ್ದೇ ಕೇಳುತ್ತಿದ್ದಾಳೆ ಎಂದುಕೊಂಡನೇನೋ, ಹನ್ನೆರಡು ಮನೆಯೆದುರು ತನ್ನ ಕೆಲಸವನ್ನು ಬಯಲಿಗೆಳೆಯುತ್ತಿದ್ದಾಳೆ ಎಂದುಕೊಂಡನೇನೋ, ಅಂಥವಳ ಟ್ರಂಕನ್ನು ಹೊತ್ತು ಬಸ್ಸಿನ ತನಕ ಬಂದ.

ದ್ರಾಗಿನಾ ಇನ್ನೂ ಹೇಳುತ್ತಿದ್ದಾಳೆ, ಇದು ಅವಳ ಕಥೆಯ ನಗುವ ಭಾಗ, ಎಲ್ಲಿ ನಿಲ್ಲಿಸಿದರೆ ಜನ ನಗುತ್ತಾರೆಂದು ಅವಳಿಗೆ ಗೊತ್ತು. ಕೊನೇದಾಗಿ ಇಲ್ಲಿ ಕಲ್ಲು ಕುಟ್ತಿದ್ದೋರು ಯೋಸಿಮ್ ಅಂತ, ಅವ್ರ ಹೆಂಡ್ತಿ ಬಯಲುಸೀಮೆಯೋಳು, ಅವ್ಳಿಗೆ ಈ ಗುಟ್ಟು ಗೊತ್ತಿಲ್ಲ, ಗರಿ ಕೊಡ್ಲಿಲ್ಲ ಅಂತ ಗಂಡನ್ನೇ ಬಿಟ್ಟು ಹೋದ್ಲು. ನಲವತ್ತು ಮಂದಿ ನಕ್ಕರು. ಲಿಯೋಂತಿನಾ ಎಲ್ಲರಿಗಿಂತ ಜೋರಾಗಿ ನಕ್ಕು ಕಣ್ಣೊರೆಸಿಕೊಂಡು, ಎಂಥ ಮಂಕು ಇರ್ಬೇಕೇ ಅವ್ಳು ಎಂದಳು, ಹೂಂ ಎಂದಳು ಸವೇತಾ, ತಾನೂ ನಗಲು ನೋಡಿದಳು, ತುಟಿ ಬರಲಿಲ್ಲ, ಪ್ರತಿ ಟಿಕೆಟ್ಟಿಗೂ ಒಮ್ಮೆ ಹೀಗೆ ನಗುತ್ತಾರೆ, ಬೇಸಿಗೆಯಲ್ಲಿ ದಿನಕ್ಕೆ ಎಷ್ಟು ಬಸ್ಸೋ, ಅವಳು ಇಲ್ಲಿಂದ ಹೋಗಲೇ ಇಲ್ಲ, ಉಳಿಯ ಪಕ್ಕ ಸುತ್ತಿಗೆಯ ಪಕ್ಕ ಇಲ್ಲೇ ಇದ್ದಾಳೆ. ನಗು ಇಳಿಯಿತು. ಆಗ ತನ್ನದೇ ದನಿ ಕೇಳಿಸಿತು ಅವಳಿಗೆ, ಯಾರದೋ ದನಿಯಂತೆ, ಒಣಗಿ, ಅಲ್ಲಮ್ಮ, ಅವಳು ಹೋದ ಮೇಲೆ ಎದುರಿಗೆ ಯಾರು ಕೂತ್ಕೊಂಡ್ರು? ದ್ರಾಗಿನಾ ಈ ಪ್ರಶ್ನೆಗೆ ತಯಾರಿರಲಿಲ್ಲ, ದನಿ ತಗ್ಗಿತು, ಗೈಡಿನ ದನಿಯಲ್ಲ, ಕೆಳಕೇರಿಯ ಮಗುವಿನ ದನಿ. ಯಾರೂ ಇಲ್ಲ ಅಜ್ಜಿ. ನಾನೇ ನೋಡಿದೀನಿ, ಚಿಕ್ಕೋಳಿದ್ದಾಗ. ಎರಡೂ ಮುಕ್ಕಾಲಿ ಹಾಕ್ತಿದ್ರು, ದಾರ ಎಳೀತಿದ್ರು, ಮೇಲಿಂದು ತಾವು ತಿಂದು ಕೆಳಗಿಂದನ್ನ ಎದುರಿಗೆ ತಳ್ತಿದ್ರು. ಎರಡನೇ ಬಾಯಿ ಎಲ್ಲಿ ಯೋಸಿಮಣ್ಣ ಅಂತ ನಮ್ಮಜ್ಜ ಕೇಳಿದ್ರೆ, ಬಡಿಸಿದೀನಲ್ಲ, ಅಷ್ಟೇ ಅನ್ನೋರು. ಆವಿ ಹೋಗೋ ತನಕ ಕೂತಿದ್ದು, ಅದನ್ನ ಬಟ್ಟೇಲಿ ಸುತ್ಕೊಂ‌ಡು ಮನೆಗೆ ತಗೊಂಡು ಹೋಗೋರು, ಅಲ್ಲೇನ್ಮಾಡ್ತಿದ್ರೋ ಗೊತ್ತಿಲ್ಲ. ಒಂಬತ್ ವರ್ಷವೂ ಹಂಗೇ. ಯಾರೂ ತಕರಾರು ಮಾಡ್ಲಿಲ್ಲ. ಇಷ್ಟು ಹೇಳಿ ಅವಳಿಗೆ ಮುಜುಗರವಾಯಿತೇನೋ, ಚಪ್ಪಾಳೆ ತಟ್ಟಿ, ಸರಿ ಈಗ ಎರಡು ಬಾಯಿ ಯಾರ್ಯಾರು ಬರ್ತೀರ ಎಂದು ಕೇಳಿದಳು.

ನಾವು ನಾವು ಎಂದು ಲಿಯೋಂತಿನಾ, ಸವೇತಾಳ ಬೆನ್ನಿಗೆ ಕೈಯಿಟ್ಟು ತಳ್ಳಿಕೊಂಡು ಬಂದು, ಒಂದು ಮುಕ್ಕಾಲಿಯಲ್ಲಿ ಕೂರಿಸಿ ಇನ್ನೊಂದರಲ್ಲಿ ತಾನು ಕೂತಳು, ಕೂರಿಸಿದ್ದು ಯೋಸಿಮ್‌ನ ಕಡೆ, ಇಲ್ಲಿಂದ ಹಳ್ಳ ಕಾಣುತ್ತದೆ, ಹನ್ನೆರಡು ಮನೆಯವರು ನಿಲ್ಲುತ್ತಿದ್ದ ಜಾಗ ಪೂರ್ತಿ ಕಾಣುತ್ತದೆ, ಇಲ್ಲಿಂದ ಎದುರಿನ ಮುಖ ಇಷ್ಟು ಹತ್ತಿರ ಕಾಣುತ್ತದೆಂದು ಅವಳಿಗೆ ಗೊತ್ತಿರಲಿಲ್ಲ, ಇಲ್ಲಿ ಕೂತು ಅವನು ನಲವತ್ತೆಂಟು ಸಲ ಅವಳನ್ನು ನೋಡಿದ್ದಾನೆ. ಕಡಾಯಿ ಕವುಚಿತು, ಮುದ್ದೆ ಕೂತಿತು, ದ್ರಾಗಿನಾ ದಾರ ಎಳೆದಳು, ಅಡ್ಡಕ್ಕೆ, ಕೈ ಪಳಗಿಲ್ಲ, ನಡುವೆ ಒಮ್ಮೆ ನಿಂತಿತು. ಮೇಲಿಂದು ಬರೀ ಶಾಸ್ತ್ರಕ್ಕೆ ಅಜ್ಜಿ, ತಿನ್ಬೇಡಿ, ಹಲ್ಲು ಹೋಗುತ್ತೆ, ಕೆಳಗಿಂದನ್ನ ಇಬ್ಬರೂ ರುಚಿ ನೋಡಿ ಎಂದಳು. ಸವೇತಾಳ ಕೈ ಆಗಲೇ ಮೇಲಿನ ತುಂಡನ್ನು ಎಳೆದುಕೊಂಡಿತ್ತು, ಎರಡೂ ಕೈ, ಬಿಸಿ, ಕೆಂಪು ಗರಿ, ಅದು ನಿನಗಲ್ಲ, ಗೊತ್ತು ಕಣೋ, ಈಗ ಗೊತ್ತು, ಕಚ್ಚಿದಳು, ಕರ್ ಎಂದಿತು, ಮತ್ತೆ ಕರ್, ಬಾಯಿ ತುಂಬ ಸಣ್ಣ ಸಣ್ಣ ಕಲ್ಲು, ಗರಿಯ ರುಚಿಯೇ ಇಲ್ಲ, ಇಷ್ಟನ್ನು ಅವನು ನುಂಗುತ್ತಿದ್ದನೇ, ಇಷ್ಟನ್ನು ನುಂಗಿ ಮುಖ ಒಂದು ಗೆರೆ ಅಲುಗದೆ ಶುದ್ಧ ಎನ್ನುತ್ತಿದ್ದನೇ, ಅಜ್ಜಿ ಬೇಡ ಉಗುಳಿ ಎನ್ನುತ್ತಿದ್ದಾಳೆ ದ್ರಾಗಿನಾ, ಇವ್ಳಿಗೇನಾಯ್ತೇ ಎನ್ನುತ್ತಿದ್ದಾಳೆ ಲಿಯೋಂತಿನಾ, ಸವೇತಾ ಉಗುಳಲಿಲ್ಲ, ಹನ್ನೆರಡು ಮನೆಯವರು ನಿಲ್ಲುತ್ತಿದ್ದ ಜಾಗವನ್ನು ನೋಡುತ್ತ ಅಗಿದಳು, ನುಂಗಿದಳು, ಶುದ್ಧ ಎಂದಳು. ಜನ ಚಪ್ಪಾಳೆ ತಟ್ಟಿದರು. ಬಸ್ಸಿನ ಹಾರ್ನ್ ಕೇಳಿಸಿತು, ನನ್ ಕಟ್ಟುಹಲ್ಲಿಗೆ ಇದೆಲ್ಲ ಆಗಲ್ಲ ತಾಯಿ ಎಂದು ಲಿಯೋಂತಿನಾ ಏನೂ ಮುಟ್ಟದೆ ಎದ್ದು ಹೋದಳು, ಒಬ್ಬೊಬ್ಬರಾಗಿ ಎಲ್ಲ ಸೇತುವೆಯ ಕಡೆ ಹೊರಟರು, ಎದುರಿನ ಮುಕ್ಕಾಲಿ ಖಾಲಿ, ಕೆಳಗೆ ಸುತ್ತಿಗೊಮ್ಮೆ ಸೌಟು ತಪ್ಪುತ್ತಿದೆ, ಏಳಬೇಕು, ಬಸ್ಸು ಕಾಯುವುದಿಲ್ಲ, ಹಲಗೆಯ ಮೇಲೆ ಕೆಳಗಿನ ತುಂಡು ಇದೆ, ಹಳದಿ, ದಾರ ಹಾದುಹೋದ ಮೈ ನುಣ್ಣಗೆ, ಪಕ್ಕದಲ್ಲಿ ದಾರ, ಅವಳು ಕೈ ಚಾಚಿ ಹಲಗೆಯನ್ನು ಎದುರಿಗೆ ತಳ್ಳಿದಳು, ಆವಿ ಏಳುತ್ತಿದೆ, ಅದು ಹೋಗುವ ತನಕ, ಹಲಗೆಯ ಮೇಲೆ ಕೆಳಗಿನ ತುಂಡು, ಯಾರೂ ಮುಟ್ಟದ್ದು, ಆವಿ ಏಳುತ್ತಿದೆ, ಕೆಳಗಿನ ತುಂಡು